ಚಂಡಮಾರುತ ಹೋದ ಮೇಲೆ ಉಪ್ಪು ಬಿಡಿಸುವ ಕೆಲಸ: ಬಾವಿ, ಮನೆ, ಇಂಜಿನ್, ತೋಟ

2021ರ ಮೇ 15 ಮತ್ತು 16ರಂದು ತೌಕ್ತೆ ಚಂಡಮಾರುತ ಕರ್ನಾಟಕದ ಕರಾವಳಿಯ ಪಕ್ಕದಲ್ಲಿ, ಕಡಲ ಮೇಲೆಯೇ ಹಾದು ಹೋಯಿತು. ನೆಲಕ್ಕೆ ಅಪ್ಪಳಿಸಿದ್ದು 17ರ ರಾತ್ರಿ, ಗುಜರಾತಿನಲ್ಲಿ. ನಮ್ಮ ದಡವನ್ನು ಅದರ ಸುಳಿ ಮುಟ್ಟಲಿಲ್ಲ. ಆದರೂ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಮೂರೂ ಜಿಲ್ಲೆಗಳಲ್ಲಿ ಕಡಲು ಉಕ್ಕಿ ಮನೆಯಂಗಳಕ್ಕೆ ಬಂತು. 2017ರ ಡಿಸೆಂಬರ್ ಮೊದಲ ವಾರದಲ್ಲಿ ಓಖಿ ದೂರದಲ್ಲಿ ಹಾದಾಗಲೂ ಉಳ್ಳಾಲ, ಸೋಮೇಶ್ವರದ ಕಡೆ ಅಲೆಗಳು ಮನೆಗಳಿಗೆ ಬಡಿದವು. ಪಶ್ಚಿಮ ಕರಾವಳಿಯಲ್ಲಿ ತೂಫಾನಿನ ಹೊಡೆತ ಹೆಚ್ಚಾಗಿ ಹೀಗೇ. ಗಾಳಿಯಷ್ಟೇ ಪೆಟ್ಟನ್ನು ಉಪ್ಪುನೀರೂ ಕೊಡುತ್ತದೆ, ಮತ್ತು ಗಾಳಿ ನಿಂತ ಮೇಲೂ ಆ ಪೆಟ್ಟು ಮುಂದುವರಿಯುತ್ತದೆ.

ಮಳೆನೀರಿನ ನೆರೆ ಇಳಿದರೆ ಕೆಸರು ತೆಗೆದು ಒಣಗಿಸಿದರೆ ಸಾಕು. ಕಡಲ ನೀರಿಗೆ ಅದು ಸಾಲದು. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ನೀರು ಆರಿದರೂ ಉಪ್ಪು ಕದಲುವುದಿಲ್ಲ. ಕರಾವಳಿಯ ಗಾಳಿಯ ತೇವ ಹೀರಿ ಮತ್ತೆ ಒದ್ದೆಯಾಗುತ್ತದೆ, ತಂತಿ ತಿನ್ನುತ್ತದೆ, ಗೋಡೆ ಉದುರಿಸುತ್ತದೆ. ಅದಕ್ಕೇ ಇಲ್ಲಿ ಕ್ರಮ ಬೇರೆ: ಮೊದಲು ಸಿಹಿನೀರಿನಲ್ಲಿ ತೊಳೆಯುವುದು, ಆಮೇಲೆ ಒಣಗಿಸುವುದು. ತೊಳೆಯದೆ ಒಣಗಿಸಿದರೆ ಉಪ್ಪನ್ನು ಒಳಗೇ ಕೂಡಿಹಾಕಿದ ಹಾಗೆ. ಇದಕ್ಕೆ ಹೊರತಾದದ್ದು ಬಾವಿ ಒಂದೇ. ಅಲ್ಲಿ ಅವಸರವೇ ದೊಡ್ಡ ಹಾನಿ ಮಾಡುತ್ತದೆ.

ಇನ್ನೊಂದು ಮಾತು ಮೊದಲೇ ತಿಳಿದಿರಬೇಕು. ತೂಫಾನು ಯಾವ ತಿಂಗಳಲ್ಲಿ ಬಂತು ಎಂಬುದರ ಮೇಲೆ ನಿಮ್ಮ ಲೆಕ್ಕಾಚಾರವೆಲ್ಲ ನಿಂತಿದೆ. ಮೇ ತಿಂಗಳಲ್ಲಿ ಬಂದರೆ ಮೂರು ವಾರದೊಳಗೆ ಮುಂಗಾರು ಶುರುವಾಗಿ ಬಾವಿ, ತೋಟ, ಗದ್ದೆಯ ಉಪ್ಪನ್ನು ತಾನೇ ತೊಳೆಯುತ್ತದೆ. ಆಗ ಮಾಡಬೇಕಾದದ್ದು ಕಾಯುವುದು ಮತ್ತು ಆ ಮಳೆಯನ್ನು ಬಾವಿಯ ಕಡೆ ತಿರುಗಿಸುವುದು. 2019ರ ಕ್ಯಾರ್‌ನಂತೆ ಅಕ್ಟೋಬರ್ ಕೊನೆಗೋ, ಓಖಿಯಂತೆ ಡಿಸೆಂಬರಿಗೋ ಬಂದರೆ ಮುಂದೆ ಆರೇಳು ತಿಂಗಳು ದೊಡ್ಡ ಮಳೆಯಿಲ್ಲ. ಬಾವಿಗೆ ಉಪ್ಪು ಸೇರಿದ್ದರೆ ಮುಂದಿನ ಜೂನ್‌ವರೆಗೂ ಕುಡಿಯುವ ನೀರಿಗೆ ಬೇರೆ ದಾರಿ ನೋಡಿಕೊಳ್ಳಬೇಕಾಗಬಹುದು. ಮೊದಲ ವಾರದಲ್ಲೇ ಪಂಚಾಯಿತಿಗೆ ಟ್ಯಾಂಕರ್ ನೀರಿನ ಅರ್ಜಿ ಕೊಟ್ಟಿಡಿ.

ಒಳಗೆ ಕಾಲಿಡುವ ಮೊದಲು

ಪೊರಕೆ ಹಿಡಿಯುವುದಕ್ಕೂ ಮುಂಚೆ ಫೋಟೊ ತೆಗೆಯಿರಿ. ಗೋಡೆಯ ಮೇಲೆ ನೀರು ನಿಂತ ಗೆರೆ, ಹಾರಿದ ಹೆಂಚು, ಬಿದ್ದ ಮರ, ಮಗುಚಿದ ದೋಣಿ ಎಲ್ಲವನ್ನೂ ದೂರದಿಂದ ಒಂದು, ಹತ್ತಿರದಿಂದ ಒಂದು. ನೀರಿನ ಗೆರೆಯ ಪಕ್ಕ ಅಳತೆ ಟೇಪು ಹಿಡಿದು ತೆಗೆದ ಫೋಟೊ ಮುಂದೆ ಮಹಜರಿನ ಹೊತ್ತಿಗೆ ತುಂಬ ಬೆಲೆಬಾಳುತ್ತದೆ.

ಮೇನ್ ಸ್ವಿಚ್‌ಗೆ ಹೋಗುವ ದಾರಿಯಲ್ಲಿ ನೀರು ನಿಂತಿದ್ದರೆ ಅದನ್ನು ಮುಟ್ಟಲು ಹೋಗಬೇಡಿ. 1912ಕ್ಕೆ ಫೋನ್ ಮಾಡಿ ಕಂಬದಲ್ಲೇ ಲೈನ್ ತೆಗೆಸಿ. ದಕ್ಷಿಣ ಕನ್ನಡ, ಉಡುಪಿಗೆ ಮೆಸ್ಕಾಂ, ಉತ್ತರ ಕನ್ನಡಕ್ಕೆ ಹೆಸ್ಕಾಂ. ಬಿದ್ದ ತಂತಿಯಲ್ಲಿ ಕರೆಂಟ್ ಇಲ್ಲ ಎಂದು ಯಾರು ಹೇಳಿದರೂ ನಂಬಬೇಡಿ. ಪಕ್ಕದ ಮನೆಯವರು ಜನರೇಟರ್ ಹಚ್ಚಿದ್ದರೆ ಅದೇ ತಂತಿಗೆ ಹಿಮ್ಮುಖವಾಗಿ ಕರೆಂಟ್ ಹರಿಯಬಹುದು. ನೀವು ಜನರೇಟರ್ ಹಚ್ಚುವುದಾದರೂ ಹೊರಗಿನ ಲೈನ್ ಕಡಿದು ಜನರೇಟರಿಗೆ ಬದಲಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಮನೆಯ ವಯರಿಂಗ್‌ಗೆ ಕೊಡಬೇಡಿ. ಜನರೇಟರನ್ನು ಜಗಲಿಯಲ್ಲಿ, ಕೊಟ್ಟಿಗೆಯಲ್ಲಿ ಇಡಬೇಡಿ. ಮನೆಯಿಂದ 20 ಅಡಿಗಿಂತ ಹೆಚ್ಚು ದೂರ, ಹೊಗೆ ಕಿಟಕಿಯ ಕಡೆ ಬರದಂತೆ ಇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ.

ಇನ್ವರ್ಟರ್ ಬ್ಯಾಟರಿ ಉಪ್ಪುನೀರಿನಲ್ಲಿ ಮುಳುಗಿದ್ದರೆ ಕೋಣೆಯ ಕಿಟಕಿ ಬಾಗಿಲು ತೆರೆದು ಹೊರಗೆ ಬಂದುಬಿಡಿ. ಬ್ಯಾಟರಿಯ ಆಸಿಡ್‌ಗೆ ಕಡಲ ನೀರು ಸೇರಿದರೆ ಕ್ಲೋರಿನ್ ಅನಿಲ ಏಳಬಹುದು. ಗ್ಯಾಸ್ ಸಿಲಿಂಡರ್ ತೇಲಿ ಉರುಳಿದ್ದರೆ ರೆಗ್ಯುಲೇಟರ್, ರಬ್ಬರ್ ಪೈಪು ಎರಡನ್ನೂ ಬದಲಿಸಿ. ಗ್ಯಾಸ್ ವಾಸನೆ ಬಂದರೆ 1906ಕ್ಕೆ ಫೋನ್ ಮಾಡಿ. ಕೆಸರಿನಲ್ಲಿ ಮೊಳೆ, ಹೆಂಚಿನ ಚೂರು, ಹಾವು ಇರುತ್ತವೆ. ಗಂಬೂಟು ಹಾಕಿ, ಕೈ ಹಾಕುವ ಮೊದಲು ಕೋಲಿನಲ್ಲಿ ಕೆದಕಿ. ಕಾಲಲ್ಲಿ ಗಾಯವಿದ್ದವರು ಕೆಸರಿಗೆ ಇಳಿಯಬಾರದು, ಇಲಿಜ್ವರ ಅಂಟುವುದು ಹೀಗೇ. ಇಳಿಯಲೇಬೇಕಾದವರು ಮೊದಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಮುಂಜಾಗ್ರತೆಯ ಮಾತ್ರೆ, ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಕೇಳಿಕೊಳ್ಳಿ. ಕೆಸರಿನ ಕೆಲಸದ ನಂತರ ಎರಡು ಮೂರು ವಾರದೊಳಗೆ ಜ್ವರ, ಮೀನಖಂಡದ ನೋವು ಬಂದರೆ ಕೆಸರಿಗೆ ಇಳಿದಿದ್ದೆ ಎಂದು ವೈದ್ಯರಿಗೆ ಹೇಳಲೇಬೇಕು.

ಬಾವಿ: ಬರಿದು ಮಾಡಬೇಡಿ

ಉಪ್ಪುನೀರು ನುಗ್ಗಿದ ಬಾವಿ ಕಂಡರೆ ಎಲ್ಲರಿಗೂ ಮೊದಲು ತೋಚುವುದು ದೊಡ್ಡ ಪಂಪು ತಂದು ಪೂರ್ತಿ ಖಾಲಿ ಮಾಡೋಣ ಎಂದು. ಅದನ್ನು ಮಾಡಬೇಡಿ. ಕಡಲ ಬದಿಯ ಮರಳಿನಡಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಮುದ್ರಮಟ್ಟಕ್ಕಿಂತ ಸಿಹಿನೀರು 1 ಅಡಿ ಎತ್ತರದಲ್ಲಿ ನಿಂತಿದ್ದರೆ, ಅದರ ಭಾರಕ್ಕೆ ಉಪ್ಪುನೀರು ಸುಮಾರು 40 ಅಡಿ ಕೆಳಗೆ ಸರಿದಿರುತ್ತದೆ. ಮೇಲಿನ ಆ ಒಂದಡಿಯನ್ನು ನೀವು ಎಳೆದುಬಿಟ್ಟರೆ ಕೆಳಗಿನ ಉಪ್ಪು ಮೇಲೇಳುತ್ತದೆ. ಮೇಲಿನಿಂದ ಬಿದ್ದ ಉಪ್ಪನ್ನು ತೆಗೆಯಲು ಹೋಗಿ ಅಡಿಯ ಉಪ್ಪನ್ನು ಕರೆದಂತೆ ಆಗುತ್ತದೆ. 2004ರ ಸುನಾಮಿಯ ನಂತರ ಶ್ರೀಲಂಕಾದ ಪೂರ್ವ ಕರಾವಳಿಯಲ್ಲಿ ಇದೇ ಆಯಿತು. ಒಳ್ಳೆಯ ಮನಸ್ಸಿನಿಂದ ಮತ್ತೆ ಮತ್ತೆ ಪಂಪು ಹೊಡೆದದ್ದರಿಂದ ಬಾವಿಗಳ ಉಪ್ಪು ಬೇಗ ಇಳಿಯಲಿಲ್ಲ.

ಎರಡನೆಯ ಅಪಾಯ ಬಾವಿಯ ಕಟ್ಟಿನದು. ಸುತ್ತಲಿನ ನೆಲ ನೀರು ಕುಡಿದು ತುಂಬಿದೆ. ಒಳಗಿನ ನೀರು ಥಟ್ಟನೆ ಇಳಿದರೆ ಹೊರಗಿನ ಒತ್ತಡಕ್ಕೆ ತಳದ ಮರಳು ಬುಗ್ಗೆಯಂತೆ ಒಳಗೆ ನುಗ್ಗುತ್ತದೆ. ರಿಂಗ್ ಬಾವಿಯಾದರೆ ರಿಂಗುಗಳು ಜಾರಿ ವಾಲುತ್ತವೆ. ಮುರಕಲ್ಲಿನ ಕಟ್ಟಾದರೆ ಹೊಟ್ಟೆ ಉಬ್ಬಿ ಕುಸಿಯುತ್ತದೆ. ಶೌಚದ ಗುಂಡಿಗೂ ಇದೇ ಮಾತು: ಅಂತರ್ಜಲ ಇಳಿಯುವವರೆಗೆ ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡಿಸಬೇಡಿ.

ಮೊದಲು ಅಳತೆ. ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಲವಣಗಳ ಒಟ್ಟು ಪ್ರಮಾಣ, ಅಳೆಯುವ ಮೀಟರ್ ಈಗ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ನಾಲ್ಕು ಮನೆಗೆ ಒಂದಿದ್ದರೆ ಸಾಕು. ಉಪ್ಪುನೀರು ಭಾರ, ಅದು ತಳದಲ್ಲಿ ಕೂರುತ್ತದೆ. ಕೊಡಪಾನದಲ್ಲಿ ಮೇಲಿನ ನೀರು ಸೇದಿ ನಾಲಿಗೆಗೆ ಹಚ್ಚಿ ಸಿಹಿಯಾಗಿದೆ ಎಂದರೆ ಅದು ಅರ್ಧ ಸತ್ಯ. ತಳದ ನೀರು ತೆಗೆಯಲು ಒಂದು ಗಾಜಿನ ಬಾಟಲಿಗೆ ಸುಮಾರು ಒಂದು ಕಿಲೋ ತೂಕದ ಕಲ್ಲು ಕಟ್ಟಿ, ಕುತ್ತಿಗೆಗೆ ಹಗ್ಗ ಬಿಗಿಯಿರಿ. ಬಾಯಿಗೆ ಬಿರಡೆ ಸಡಿಲವಾಗಿ ಕೂರಿಸಿ, ಬಿರಡೆಗೆ ಬೇರೆ ದಾರ ಕಟ್ಟಿ. ತಳ ಮುಟ್ಟಿದ ಮೇಲೆ ಒಂದಡಿ ಮೇಲೆತ್ತಿ ದಾರ ಜಗ್ಗಿದರೆ ಬಿರಡೆ ಕಳಚಿ ನೀರು ತುಂಬುತ್ತದೆ. ಮೇಲೆ ಗುಳ್ಳೆ ಬರುವುದು ನಿಂತಾಗ ಎತ್ತಿ. ಮೇಲಿನದು, ತಳದ್ದು ಎರಡನ್ನೂ ಅಳೆದು ದಿನಾಂಕದ ಜತೆ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಮೀಟರಿನ ಮಿತಿ ದಾಟಿದರೆ ಒಂದು ಲೋಟ ಬಾವಿನೀರಿಗೆ ಒಂಬತ್ತು ಲೋಟ ಮಳೆನೀರು ಬೆರೆಸಿ ಅಳೆದು ಹತ್ತರಿಂದ ಗುಣಿಸಿ.

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಟಿಡಿಎಸ್ ಲೀಟರಿಗೆ 500 ಮಿ.ಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 2,000ದವರೆಗೆ ಒಪ್ಪುತ್ತಾರೆ. ಅದಕ್ಕಿಂತ ಮೇಲಾದರೆ ಪಾತ್ರೆ, ಬಟ್ಟೆಗೆ ಮಾತ್ರ. ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇರುವವರಿಗೆ, ಬಸುರಿಯರಿಗೆ, ಕೂಸುಗಳಿಗೆ 500ರ ಒಳಗಿನ ನೀರನ್ನೇ ಹೊಂದಿಸಿಕೊಡಿ. ಕುದಿಸಿದರೆ ಉಪ್ಪು ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ಗಾಢವಾಗುತ್ತದೆ.

ಅಲೆ ನೇರವಾಗಿ ಬಾವಿಯೊಳಗೆ ಸುರಿದಿದ್ದರೆ ಒಂದು ಸಲ, ಒಂದೇ ಸಲ, ನಿಧಾನವಾಗಿ ನೀರೆತ್ತಬಹುದು. ಮೊದಲು ಕಸ, ಕೊಂಬೆ, ಸತ್ತ ಪ್ರಾಣಿಗಳನ್ನು ಪಾತಾಳಗರಡಿ ಮತ್ತು ಬಲೆಯಲ್ಲಿ ಎತ್ತಿ. ಯಾರನ್ನೂ ಕೆಳಗೆ ಇಳಿಸಬೇಡಿ. ಕೊಳೆಯುವ ವಸ್ತು ಬಿದ್ದ ಬಾವಿಯಲ್ಲಿ ಉಸಿರಾಡುವ ಗಾಳಿ ಇರುವುದಿಲ್ಲ, ಒಬ್ಬನನ್ನು ಉಳಿಸಲು ಇಳಿದ ಇನ್ನಿಬ್ಬರು ಸಾಯುವುದು ಹೀಗೇ. ಪೆಟ್ರೋಲ್, ಸೀಮೆಎಣ್ಣೆ ಪಂಪನ್ನು ಬಾವಿಯೊಳಗೆ ಇಳಿಸುವುದಂತೂ ಬೇಡವೇ ಬೇಡ. ಅರ್ಧ ಎಚ್‌ಪಿಯ ಪಂಪು ಸಾಕು. ಫುಟ್‌ವಾಲ್ವ್ (ಪೈಪಿನ ನೀರೆಳೆಯುವ ತುದಿ) ತಳದಿಂದ ಒಂದಡಿ ಮೇಲಿರಲಿ, ಭಾರದ ಉಪ್ಪುನೀರು ಅಲ್ಲೇ ಇದೆ. ಎತ್ತಿದ ನೀರು ಬಾವಿಯಿಂದ 100 ಅಡಿಯಾದರೂ ಆಚೆ, ಇಳಿಜಾರಿನ ಕಡೆಗೆ ಹೋಗಬೇಕು. ಇಲ್ಲದಿದ್ದರೆ ಮರಳಿನಲ್ಲಿ ಇಂಗಿ ಸಂಜೆಗೆ ಮತ್ತೆ ಬಾವಿಗೇ ಬರುತ್ತದೆ. ನೀರಿನ ಅರ್ಧ ಆಳ ಇಳಿದಾಗ ನಿಲ್ಲಿಸಿ, ರಾತ್ರಿ ಬಿಟ್ಟು ಬೆಳಗ್ಗೆ ತಳದ ನೀರು ಅಳೆಯಿರಿ. ಟಿಡಿಎಸ್ ಇಳಿದಿದ್ದರೆ ಒಳ್ಳೆಯದು. ಏರಿದ್ದರೆ ಉಪ್ಪು ಅಡಿಯಿಂದ ಬರುತ್ತಿದೆ, ಪಂಪನ್ನು ತೆಗೆದಿಡಿ. ಅಕ್ಕಪಕ್ಕದ ಮನೆಯವರು ಒಂದೇ ದಿನ ಪಂಪು ಹಚ್ಚದಂತೆ ಮಾತಾಡಿಕೊಳ್ಳಿ. ಮಣ್ಣಿನಡಿ ಎಲ್ಲರದೂ ಒಂದೇ ನೀರು.

ಮುಂದಿನ ತಿಂಗಳುಗಳಲ್ಲಿ ಬಳಕೆಗೆ ಮೇಲ್ಪದರದ ನೀರನ್ನೇ ತೆಗೆಯಿರಿ. ಕೊಡಪಾನ ಎಲ್ಲಕ್ಕಿಂತ ಉತ್ತಮ. ಪಂಪೇ ಬೇಕಾದರೆ ಮುಚ್ಚಿದ ಖಾಲಿ ಕ್ಯಾನೊಂದನ್ನು ತೇಲಿಬಿಟ್ಟು, ಬಗ್ಗುವ ಪೈಪಿನ ಫುಟ್‌ವಾಲ್ವನ್ನು ನೀರಿನ ಮೇಲ್ಮೈಯಿಂದ ಒಂದೂವರೆ ಅಡಿ ಕೆಳಗೆ ನೇತುಹಾಕಿ. ಒಮ್ಮೆಗೇ ಟ್ಯಾಂಕಿ ತುಂಬಿಸುವ ಬದಲು ಬೆಳಗ್ಗೆ ಸ್ವಲ್ಪ, ಸಂಜೆ ಸ್ವಲ್ಪ.

ಉಪ್ಪಿನ ಮಾತು ಒಂದು, ರೋಗಾಣುವಿನ ಮಾತು ಇನ್ನೊಂದು. ಬ್ಲೀಚಿಂಗ್ ಪೌಡರ್ ಉಪ್ಪು ತೆಗೆಯುವುದಿಲ್ಲ, ಆದರೆ ನೆರೆ ಹೊಕ್ಕ ಬಾವಿಗೆ ಅದನ್ನು ಹಾಕದೆ ನೀರು ಮುಟ್ಟಬಾರದು. ನೀರಿನ ಕೆಸರು ತಳಕ್ಕೆ ಕೂತ ಮೇಲೆ ಹಾಕಿ, ಏಕೆಂದರೆ ಕದಡಿದ ನೀರಿನ ಮಣ್ಣೇ ಅರ್ಧ ಕ್ಲೋರಿನ್ ನುಂಗುತ್ತದೆ.

1. ಬಾವಿಯ ವ್ಯಾಸ ಮತ್ತು ನೀರಿನ ಆಳವನ್ನು ಮೀಟರಿನಲ್ಲಿ ಅಳೆಯಿರಿ. ವ್ಯಾಸ × ವ್ಯಾಸ × ಆಳ × 785 ಎಂದರೆ ಲೀಟರ್ ಲೆಕ್ಕ ಸಿಗುತ್ತದೆ. ಆರು ಅಡಿಯ, ಅಂದರೆ 1.8 ಮೀಟರ್ ವ್ಯಾಸದ ಬಾವಿಯಲ್ಲಿ 3 ಮೀಟರ್ ನೀರಿದ್ದರೆ ಸುಮಾರು 7,600 ಲೀಟರ್.

2. ನೆರೆಯ ನಂತರದ ಮೊದಲ ಸಲ 1,000 ಲೀಟರಿಗೆ 5 ಗ್ರಾಂ. ಮೇಲಿನ ಬಾವಿಗೆ ಸುಮಾರು 40 ಗ್ರಾಂ. ಮುಂದಿನ ಸಲಗಳಿಗೆ ಅದರ ಅರ್ಧ. ಇದು 33 ಶೇಕಡ ಕ್ಲೋರಿನ್ ಇರುವ ಹೊಸ ಪೌಡರಿನ ಲೆಕ್ಕ. ಬಾಯಿ ತೆರೆದಿಟ್ಟು ಗಂಟುಗಟ್ಟಿದ, ವಾಸನೆ ಹೋದ ಪೌಡರ್ ಬರೀ ಸುಣ್ಣ. ಅದನ್ನು ಎಷ್ಟು ಹಾಕಿದರೂ ಪ್ರಯೋಜನವಿಲ್ಲ.

3. ಪ್ಲಾಸ್ಟಿಕ್ ಬಕೆಟಿನಲ್ಲಿ ಸ್ವಲ್ಪ ನೀರು ಹಾಕಿ ಗಂಟಿಲ್ಲದಂತೆ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿ ಕದಡಿ. ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟಿಗೆ ಬಗ್ಗಿಸಿ, ಸುಣ್ಣವನ್ನು ಹೊರಗೆ ಚೆಲ್ಲಿ. ಅದು ಬಾವಿಗೆ ಹೋದರೆ ನೀರಿನ ಗಡಸುತನ ಹೆಚ್ಚುತ್ತದೆ.

4. ಬಕೆಟನ್ನು ಹಗ್ಗದಲ್ಲಿ ನೀರಿನೊಳಕ್ಕೆ ಮುಳುಗಿಸಿ, ಮೇಲೆ ಕೆಳಗೆ, ಆಚೆ ಈಚೆ ಜೋರಾಗಿ ಆಡಿಸಿ. ಮೇಲಿನಿಂದ ಸುರಿದುಬಿಟ್ಟರೆ ಮದ್ದು ಮೇಲ್ಪದರದಲ್ಲೇ ಉಳಿಯುತ್ತದೆ.

5. ಸಾಮಾನ್ಯ ದಿನಗಳಲ್ಲಿ ಒಂದು ಗಂಟೆ ಸಾಕು. ನೆರೆಯ ನಂತರ ಒಂದು ರಾತ್ರಿ ಬಿಡಿ. ಬೆಳಗ್ಗೆ ಕ್ಲೋರಿನ್ ವಾಸನೆಯೇ ಇಲ್ಲದಿದ್ದರೆ ಕೊಳೆ ಅದನ್ನು ತಿಂದಿದೆ, ಮತ್ತೊಮ್ಮೆ ಹಾಕಬೇಕು.

ಗ್ರಾಮ ಪಂಚಾಯಿತಿಯಲ್ಲಿ ನೀರು ಪರೀಕ್ಷೆಯ ಕಿಟ್ ಇರುತ್ತದೆ. ಉಳಿದ ಕ್ಲೋರಿನ್ ಲೀಟರಿಗೆ 0.5 ಮಿ.ಗ್ರಾಂ ಇದೆಯೇ, ರೋಗಾಣುವಿನ ಬಾಟಲಿ ಕಪ್ಪಾಗುತ್ತದೆಯೇ ಎಂದು ನೋಡಿಸಿ. ಕಪ್ಪಾದರೆ ನೀರು ಇನ್ನೂ ಶುದ್ಧವಾಗಿಲ್ಲ. ಅಲ್ಲಿಯವರೆಗೆ ಕುದಿಸಿದ ನೀರೇ ಕುಡಿಯಿರಿ.

ಬಾವಿಗೆ ನಿಜವಾದ ಮದ್ದು ಮಳೆ. 100 ಚದರ ಮೀಟರ್ ಮಾಡಿನ ಮೇಲೆ 3,000 ಮಿ.ಮೀ. ಮಳೆ ಸುರಿದರೆ, ಐದರಲ್ಲೊಂದು ಪಾಲು ಸೋರಿ ಹೋದರೂ 2.4 ಲಕ್ಷ ಲೀಟರ್ ಕೈಗೆ ಸಿಗುತ್ತದೆ. ಮಾಡಿನಂಚಿಗೆ ದಂಬೆ ಕಟ್ಟಿ ಆ ನೀರನ್ನು ಬಾವಿಯಿಂದ ಆರೇಳು ಅಡಿ ದೂರದ ಇಂಗುಗುಂಡಿಗೆ ಬಿಡಿ: ತಳದಲ್ಲಿ ಜಲ್ಲಿ, ಮೇಲೆ ಇದ್ದಿಲು, ಅದರ ಮೇಲೆ ತೊಳೆದ ಹೊಳೆಮರಳು. ಈ ಸಿಹಿನೀರು ಉಪ್ಪನ್ನು ಕೆಳಕ್ಕೂ ಕಡಲ ಕಡೆಗೂ ತಳ್ಳುತ್ತದೆ. ಮೊದಲ ಮಳೆಯ ಹದಿನೈದು ನಿಮಿಷದ ನೀರು ಮಾತ್ರ ಹೊರಗೆ ಹೋಗಲಿ, ಹೆಂಚಿನ ಮೇಲೂ ಕಡಲ ಹನಿಯ ಉಪ್ಪು ಕೂತಿರುತ್ತದೆ. ತಿಂಗಳಿಗೊಮ್ಮೆ ಟಿಡಿಎಸ್ ಬರೆದಿಡಿ. ಅಂಕಿ ಇಳಿಯುತ್ತಿದ್ದರೆ ನಿಧಾನವಾದರೂ ಚಿಂತೆಯಿಲ್ಲ.

ಮನೆ

ಸಿಹಿನೀರು ಕಡಿಮೆ ಇರುವಾಗ ಒಂದು ಬಕೆಟ್ ನೀರನ್ನು ಒಮ್ಮೆಗೇ ಎರಚುವುದಕ್ಕಿಂತ ಅರ್ಧರ್ಧ ಮಾಡಿ ಎರಡು ಸಲ ತೊಳೆದರೆ ಹೆಚ್ಚು ಉಪ್ಪು ಹೋಗುತ್ತದೆ. ಗೋಡೆಯನ್ನು ನೀರಿನ ಗೆರೆಗಿಂತ ಒಂದಡಿ ಮೇಲಿನಿಂದ ಶುರುಮಾಡಿ ಕೆಳಕ್ಕೆ ತೊಳೆಯಿರಿ. ಮದ್ದು ಬಿಡುವ ಸ್ಪ್ರೇಯರನ್ನು ಚೆನ್ನಾಗಿ ತೊಳೆದು ಬಳಸಿದರೆ ನೀರು ಉಳಿಯುತ್ತದೆ. ನೆಲದಲ್ಲಿ ಹರಿದ ಕೊನೆಯ ನೀರನ್ನು ಮೀಟರಿಗೆ ಹಿಡಿಯಿರಿ. 1,000ಕ್ಕಿಂತ ಕೆಳಗೆ ಬಂದರೆ ತೊಳೆದದ್ದು ಸಾಕು. ಮಣ್ಣಿನ ಗೋಡೆಗೆ ಮಾತ್ರ ನೀರು ಹೊಡೆಯಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಮುರಕಲ್ಲು ಸ್ಪಂಜಿನಂತೆ ಉಪ್ಪುನೀರು ಕುಡಿದಿರುತ್ತದೆ. ಒಣಗುವಾಗ ಆ ಉಪ್ಪು ಮೇಲ್ಮೈಗೆ ಬಂದು ಬಿಳಿ ಹತ್ತಿಯಂತೆ ಅರಳುತ್ತದೆ, ಗಾರೆಯನ್ನು ಒಡೆಯುತ್ತದೆ. ಆ ಬಿಳಿಯನ್ನು ನೀರಿನಲ್ಲಿ ತೊಳೆದರೆ ಮತ್ತೆ ಒಳಗೆ ಹೋಗುತ್ತದೆ. ಒಣ ಬ್ರಷ್‌ನಲ್ಲಿ ಉಜ್ಜಿ, ಕೆಳಗೆ ಹಾಸಿದ ಪ್ಲಾಸ್ಟಿಕ್ಕಿನಲ್ಲಿ ಹಿಡಿದು ಹೊರಗೆ ಸಾಗಿಸಿ. ಇದನ್ನು ನಾಲ್ಕೈದು ಸಲ ಮಾಡಬೇಕಾಗುತ್ತದೆ. ಒಂದು ಬೇಸಗೆ ಕಳೆಯುವವರೆಗೆ ಪೇಂಟ್ ಬೇಡ, ಸಿಮೆಂಟಿನ ಹೊಸ ಗಾರೆಯೂ ಬೇಡ. ಸುಣ್ಣ ಬಳಿದರೆ ಗೋಡೆ ಉಸಿರಾಡುತ್ತದೆ. ರಿಪೇರಿಗೆ ಅಂಗಳದಲ್ಲಿ ರಾಶಿ ಬಿದ್ದಿರುವ ಕಡಲ ಮರಳನ್ನು ಬಳಸುವ ಆಸೆ ಬೇಡ. ಅದರ ಉಪ್ಪಿಗೆ ಸ್ಲ್ಯಾಬಿನ ಕಬ್ಬಿಣ ತುಕ್ಕು ಹಿಡಿದು ಕಾಂಕ್ರೀಟು ಸಿಡಿಯುತ್ತದೆ.

ಹೆಂಚಿನ ಮಾಡಿಗೆ ಮಳೆ ನಿಂತು ಒಣಗಿದ ಮೇಲೆಯೇ ಹತ್ತಿ. ಪಾಚಿ ಕಟ್ಟಿದ ಒದ್ದೆ ಹೆಂಚು ಜಾರುತ್ತದೆ. ಕಾಲು ರೀಪಿನ (ಹೆಂಚು ಕೂರುವ ಅಡ್ಡಪಟ್ಟಿ) ನಡುವೆ ಅಲ್ಲ, ಪಕ್ಕಾಸಿನ (ಮಾಡು ಹೊರುವ ಇಳಿಜಾರಿನ ತೊಲೆ) ಮೇಲೆ ಬರಬೇಕು. ಅಲ್ಲಿಯವರೆಗೆ ಟಾರ್ಪಾಲನ್ನು ಮಾಡಿನ ನೆತ್ತಿ ದಾಟಿಸಿ ಆಚೆ ಕಡೆಗೂ ಇಳಿಬಿಟ್ಟು, ಎರಡೂ ಬದಿ ಮರಳು ಚೀಲ ಕಟ್ಟಿ. ನೆತ್ತಿಗೆ ಮೊದಲೇ ನಿಂತ ಟಾರ್ಪಾಲಿನ ಅಡಿಗೆ ಗಾಳಿ ನುಗ್ಗುತ್ತದೆ.

ಹಾಸಿಗೆ, ನೀರು ಮುಟ್ಟಿದ ಅಕ್ಕಿ, ಮಾತ್ರೆ ಔಷಧಿಗಳನ್ನು ಎಸೆಯಲೇಬೇಕು. ನೆಲ ತೊಳೆಯುವಾಗ ಬ್ಲೀಚಿಂಗ್ ಪೌಡರ್ ಜತೆ ಟಾಯ್ಲೆಟ್ ಆಸಿಡ್ ಬೆರೆಸಬೇಡಿ, ವಿಷಾನಿಲ ಏಳುತ್ತದೆ. ಮುಳುಗಿದ ಪ್ಲಗ್, ಸ್ವಿಚ್, ಎಂಸಿಬಿಗಳನ್ನು ಒಣಗಿಸಿ ಮತ್ತೆ ಬಳಸುವುದು ಬೇಡ. ಅವುಗಳೊಳಗೆ ಕೂತ ಉಪ್ಪು ಮುಂದಿನ ಮಳೆಗಾಲದ ತೇವಕ್ಕೆ ಕರೆಂಟ್ ಹರಿಸುತ್ತದೆ. ಬೆಂಕಿ ಆಗ ಹತ್ತುತ್ತದೆ, ಕಾರಣ ಯಾರಿಗೂ ನೆನಪಿರುವುದಿಲ್ಲ.

ಪಂಪು ಮತ್ತು ದೋಣಿ ಇಂಜಿನ್

‘ಓಡುತ್ತದೆಯಾ ನೋಡೋಣ’ ಎಂದು ಒಮ್ಮೆ ಸ್ವಿಚ್ ಹಾಕುವುದರಿಂದಲೇ ಹೆಚ್ಚು ಮೋಟಾರುಗಳು ಸುಡುತ್ತವೆ. ಉಪ್ಪುನೀರು ಹೊಕ್ಕ ಪಂಪನ್ನು ಬಿಚ್ಚಿ, ವೈಂಡಿಂಗನ್ನೂ ಸೇರಿಸಿ ಸಿಹಿನೀರಿನಲ್ಲಿ ಎರಡು ಮೂರು ಸಲ ತೊಳೆದು, ಎರಡು ಮೂರು ದಿನ ಬಿಸಿಲಿನಲ್ಲಿ ಒಣಗಿಸಿ. ವೈಂಡಿಂಗ್ ಅಂಗಡಿಯಲ್ಲಿ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಇಟ್ಟು ನೋಡಿಸಿ. 1 ಮೆಗಾಓಮ್ ಕೂಡ ಬಾರದಿದ್ದರೆ ಇನ್ನೂ ಒಣಗಬೇಕು ಅಥವಾ ಹೊಸ ವೈಂಡಿಂಗ್ ಬೇಕು. ಬೇರಿಂಗ್, ಕಂಡೆನ್ಸರ್ ಬದಲಿಸಿಬಿಡಿ.

ನಾಡದೋಣಿ ಮಗುಚಿ ಔಟ್‌ಬೋರ್ಡ್ ಇಂಜಿನ್ ಕಡಲಲ್ಲಿ ಮುಳುಗಿದ್ದರೆ ಗಂಟೆಗಳ ಲೆಕ್ಕದಲ್ಲಿ ಕೆಲಸ ಮಾಡಬೇಕು. ನೀರಿನಲ್ಲಿ ಮುಳುಗಿರುವಾಗ ತುಕ್ಕು ನಿಧಾನ. ಮೇಲೆತ್ತಿ ಗಾಳಿ ತಗುಲಿದ ಕೂಡಲೇ ಅಲ್ಯೂಮಿನಿಯಂ, ಬೇರಿಂಗ್‌ಗಳನ್ನು ಉಪ್ಪು ತಿನ್ನತೊಡಗುತ್ತದೆ. ಹಗ್ಗ ಎಳೆದು ಚಾಲು ಮಾಡಲು ಹೋಗಬೇಡಿ. ಸಿಲಿಂಡರಿನಲ್ಲಿ ನೀರಿದ್ದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಹೊರಗೆಲ್ಲ ಸಿಹಿನೀರು ಹಾಕಿ ತೊಳೆದು, ಸ್ಪಾರ್ಕ್ ಪ್ಲಗ್ ಬಿಚ್ಚಿ, ಪ್ಲಗ್ ತೂತು ಕೆಳಮುಖವಾಗುವಂತೆ ಮಲಗಿಸಿ ಫ್ಲೈವೀಲನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸಿ. ತಿರುಗುವಾಗ ಕರಕರ ಎಂದರೆ ಒಳಗೆ ಮರಳಿದೆ, ಅಲ್ಲಿಗೇ ನಿಲ್ಲಿಸಿ. ಮರಳಿಲ್ಲದಿದ್ದರೆ ಕಾರ್ಬೊರೇಟರ್ ಮತ್ತು ಟ್ಯಾಂಕಿಯ ಎಣ್ಣೆ ಪೂರ್ತಿ ಚೆಲ್ಲಿ, ಪ್ಲಗ್ ತೂತಿನಿಂದ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಹತ್ತಿಪ್ಪತ್ತು ಸುತ್ತು ತಿರುಗಿಸಿ ಮೆಕ್ಯಾನಿಕ್ ಬಳಿ ಒಯ್ಯಿರಿ. ಆ ದಿನ ಮೆಕ್ಯಾನಿಕ್ ಸಿಗುವಂತಿಲ್ಲ ಎಂದಾದರೆ, ಕೇಳಲು ವಿಚಿತ್ರವೆನಿಸಿದರೂ, ಇಂಜಿನನ್ನು ಸಿಹಿನೀರು ತುಂಬಿದ ಡ್ರಮ್ಮಿನಲ್ಲಿ ಪೂರ್ತಿ ಮುಳುಗಿಸಿಡುವುದೇ ಲೇಸು. ಅರೆಬರೆ ಒಣಗಿದ ಉಪ್ಪಿಗಿಂತ ಗಾಳಿಯಿಲ್ಲದ ಸಿಹಿನೀರು ಕಡಿಮೆ ಕೆಡಿಸುತ್ತದೆ.

ತೆಂಗು, ಅಡಿಕೆ, ಗದ್ದೆ

ತೆಂಗು ಉಪ್ಪು ತಾಳುವ ಮರ, ಗರಿ ಹರಿದು ಬೋಳಾಗಿ ನಿಂತದ್ದನ್ನು ಕಡಿಯಲು ಅವಸರ ಬೇಡ. ನಡುವಿನ ಸುಳಿ ಹಸಿರಾಗಿ ನೆಟ್ಟಗಿದ್ದರೆ ಬದುಕುತ್ತದೆ. ಜಗ್ಗಿದರೆ ಸುಳಿ ಕೈಗೆ ಬಂದು ಕೊಳೆತ ವಾಸನೆ ಹೊಡೆದರೆ ಸುಳಿಕೊಳೆ. ಕೊಳೆತದ್ದನ್ನು ಕೆತ್ತಿ ತೆಗೆದು, ಉಳಿದ ಮರಗಳ ಸುಳಿಗೆ 1 ಶೇಕಡದ ಬೋರ್ಡೊ ದ್ರಾವಣ ಬಿಡಿ: 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ಸಿಹಿನೀರು. ಬುಡಮೇಲಾದ ಮರಗಳನ್ನು ಅಲ್ಲೇ ಕೊಳೆಯಲು ಬಿಟ್ಟರೆ ಕುರುವಾಯಿ ದುಂಬಿ ಅದರಲ್ಲಿ ಮರಿ ಮಾಡಿ, ಉಳಿದ ಮರಗಳ ಸುಳಿಗೆ ಏರುತ್ತದೆ. ಕೆಲವು ವಾರದೊಳಗೆ ಸೀಳಿ ಸಾಗಿಸಿ. ವಾಲಿದ ಎಳೆಯ ಸಸಿಗಳನ್ನು ಬೇರು ಒಣಗುವ ಮೊದಲು ಎತ್ತಿ ಊರುಗೋಲು ಕೊಟ್ಟು ಮಣ್ಣೇರಿಸಿದರೆ ಹಿಡಿಯುತ್ತವೆ. ಅಡಿಕೆಗೆ ಇಷ್ಟು ತಾಳ್ಮೆಯಿಲ್ಲ. ಅದರ ಬುಡಕ್ಕೆ ಸಿಹಿನೀರು ಮೊದಲು ಸಿಗಲಿ.

ಉಪ್ಪುನೀರು ನಿಂತ ಗದ್ದೆಯನ್ನು ಒದ್ದೆಯಿರುವಾಗ ಉಳಬೇಡಿ. ಒಡೆದ ಕಟ್ಟೆಯನ್ನು ಮುಚ್ಚುವ ಮೊದಲು ನಿಂತ ನೀರು ಹೊರಹೋಗಲಿ. ಮಳೆ ಶುರುವಾದ ಮೇಲೆ ನೀರು ನಿಲ್ಲಿಸಿ ಬಿಡುವುದನ್ನು ಎರಡು ಮೂರು ಸಲ ಮಾಡಿ, ಮೀಟರ್ ಇಟ್ಟು ನೋಡಿ ನಾಟಿ ಮಾಡಿ. ಕುಮಟಾದ ಅಘನಾಶಿನಿ ತೀರದ ಗಜನಿಗಳಲ್ಲಿ (ಉಪ್ಪುನೀರು ಬರುವ ತಗ್ಗು ಗದ್ದೆಗಳಲ್ಲಿ) ತಲೆಮಾರುಗಳಿಂದ ಬೆಳೆಯುತ್ತಿರುವ ಕಗ್ಗ ಭತ್ತ ಉಪ್ಪನ್ನು ತಡೆದುಕೊಳ್ಳುತ್ತದೆ. ಆ ವರ್ಷದ ಮಟ್ಟಿಗೆ ಅದರ ಬೀಜ ಸಿಕ್ಕರೆ ಬೇರೆ ತಳಿಯ ಯೋಚನೆ ಬೇಡ.

ಪರಿಹಾರದ ಅರ್ಜಿ

ಗ್ರಾಮ ಆಡಳಿತಾಧಿಕಾರಿ ಬಂದು ಮಹಜರು ಮಾಡುವವರೆಗೆ ಬಿದ್ದ ಗೋಡೆ, ಮುರಿದ ದೋಣಿಯನ್ನು ಸಾಗಿಸಬೇಡಿ. ಅಪಾಯವಿದ್ದು ಸಾಗಿಸಲೇಬೇಕಾದರೆ ಫೋಟೊ ಜತೆ ಇಬ್ಬರು ನೆರೆಯವರ ಸಹಿ ಮಾಡಿಸಿ. ಮನೆಗೆ ಭಾಗಶಃ ಹಾನಿಯ ಪರಿಹಾರ ಸಿಗಲು ವಿಪತ್ತು ಪರಿಹಾರ ನಿಧಿಯ ನಿಯಮದಂತೆ ಕನಿಷ್ಠ 15 ಶೇಕಡ ಹಾನಿಯಾಗಿರಬೇಕು. ಬರೀ ಹೆಂಚಿನ ಲೆಕ್ಕ ಕೊಡದೆ ಪಕ್ಕಾಸು, ರೀಪು, ಗೋಡೆ, ವಯರಿಂಗ್, ನೆಲ ಎಲ್ಲವನ್ನೂ ಮಹಜರಿನಲ್ಲಿ ಬರೆಸಿ. ಕೇಂದ್ರದ ನಿಯಮಗಳ ವಿಪತ್ತು ಪಟ್ಟಿಯಲ್ಲಿ ಚಂಡಮಾರುತವಿದೆ, ಕಡಲ್ಕೊರೆತ ಎಂಬುದು ಪ್ರತ್ಯೇಕವಾಗಿ ಇಲ್ಲ. ನಿಮ್ಮ ಹಾನಿ ಚಂಡಮಾರುತದ ಅಲೆಯಿಂದ ಆಗಿದ್ದರೆ ‘ಕಡಲ್ಕೊರೆತ’ ಎಂದಷ್ಟೇ ಬರೆದು ಸುಮ್ಮನಾಗಬೇಡಿ. ಚಂಡಮಾರುತದ ಹೆಸರು, ದಿನಾಂಕ, ಅಲೆ ನುಗ್ಗಿದ ಹೊತ್ತು ಅರ್ಜಿಯಲ್ಲಿ ಇರಲಿ.

ಆಧಾರ್, ಬ್ಯಾಂಕ್ ಪಾಸ್‌ಬುಕ್, ಮನೆ ತೆರಿಗೆ ರಸೀದಿ, ಜಮೀನಿಗೆ ಪಹಣಿ, ದೋಣಿಗೆ ನೋಂದಣಿ ಪತ್ರದ ಪ್ರತಿ ಲಗತ್ತಿಸಿ. ದೋಣಿ, ಬಲೆ, ಇಂಜಿನ್ ಹಾನಿಗೆ ಮೀನುಗಾರಿಕಾ ಇಲಾಖೆಗೆ, ತೆಂಗು ಅಡಿಕೆಗೆ ತೋಟಗಾರಿಕೆ ಇಲಾಖೆಗೆ ಬೇರೆ ಬೇರೆ ಅರ್ಜಿ. ಒದ್ದೆಯಾದ ಕಾಗದಪತ್ರಗಳನ್ನು ಬಿಡಿಸಲು ಎಳೆಯಬೇಡಿ. ತಟ್ಟೆಯಲ್ಲಿ ಸಿಹಿನೀರು ಹಾಕಿ ಒಮ್ಮೆ ಅದ್ದಿ ತೆಗೆದು, ಹತ್ತಿ ಬಟ್ಟೆಯ ನಡುವೆ ಇಟ್ಟು ನೆರಳಿನಲ್ಲಿ ಒಣಗಿಸಿ. ಶಾಯಿಯಲ್ಲಿ ಬರೆದದ್ದನ್ನು ಅದ್ದದೆ ಹಾಗೇ ಒಣಗಿಸಿ. ವಾರವಾದರೂ ಮಹಜರಿಗೆ ಯಾರೂ ಬರದಿದ್ದರೆ ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ 1077ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದುಕೊಳ್ಳಿ. ಅರ್ಜಿಯ ಇನ್ನೊಂದು ಪ್ರತಿಗೆ ಕಚೇರಿಯ ಸೀಲು, ದಿನಾಂಕ ಹಾಕಿಸಿಕೊಂಡೇ ಅಲ್ಲಿಂದ ಹೊರಡಿ.